ಕಲ್ಲಿನ ದನಿ ಕೇಳಿದ್ದು ನಾನಲ್ಲ

“ಕಡುಬಡತನದಲ್ಲಿ ಹುಟ್ಟಿ, ಖಣಿಯಲ್ಲಿ ಕಲ್ಲು ಹೊತ್ತು, ಯಾರ ಆಸರೆಯೂ ಇಲ್ಲದೆ ಸ್ವಂತ ಉದ್ದಿಮೆ ಕಟ್ಟಿದ ಇವರಿಗೆ ಕಲ್ಲಿನ ದನಿ ಕೇಳುವ ಅಪೂರ್ವ ವರವಿತ್ತು. ನೆಲಕ್ಕೆ ಹಾಸುವ ಫರಸಿಯ ಮೇಲೆ ಒಮ್ಮೆ ಬಡಿದರೆ ಸಾಕು, ಅದರ ಒಳಗಿನ ದೋಷ ಇವರಿಗೆ ತಿಳಿಯುತ್ತಿತ್ತು. ಆ ಕಿವಿಯ ಬಲದಿಂದಲೇ ಗಳಿಸಿ, ಗಳಿಸಿದ್ದನ್ನು ಊರಿಗೆ ಮರಳಿಸಿದ ಕಾಯಕಜೀವಿ ಇವರು.”

ಶಹಾಬಾದಿನ ಕಲ್ಲಿನ ವ್ಯಾಪಾರಸ್ಥರ ಸಮಿತಿಯವರು ನನ್ನ ಸನ್ಮಾನಕ್ಕೆಂದು ಅಚ್ಚು ಹಾಕಿಸಲು ಸಿದ್ಧಪಡಿಸಿದ ಪುಸ್ತಿಕೆಯ ಮೊದಲ ಪುಟ ಇದು. ಓದಿ ಸಹಿ ಮಾಡಿ ಕಳಿಸಬೇಕೆಂದು ಸಮಿತಿಯ ಕಾರ್ಯದರ್ಶಿಗಳು ಕರಡನ್ನು ಮನೆಗೆ ಮುಟ್ಟಿಸಿದ್ದರು. ಅವರು ನಿವೃತ್ತ ಶಿಕ್ಷಕರು, ಸಜ್ಜನರು. ಊರಿನಲ್ಲಿ ಎಲ್ಲರೂ ಹೇಳುವುದನ್ನೇ ಒಳ್ಳೆಯ ಭಾಷೆಯಲ್ಲಿ ಬರೆದಿದ್ದರು. ಅದರಲ್ಲಿ ಬಡತನ ನಿಜ, ಖಣಿ ನಿಜ. ಕಿವಿಯ ಮಾತು ಸುಳ್ಳು. ನನ್ನ ಬಲಗಿವಿ ಮೂವತ್ತರ ಪ್ರಾಯಕ್ಕೆಲ್ಲ ಕೆಟ್ಟುಹೋಗಿತ್ತು. ಎಡಗಿವಿ ಎದುರಿಗೆ ನಿಂತು ಆಡಿದ ಮಾತನ್ನು ಹಿಡಿಯುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಕಲ್ಲು ಕೊಯ್ಯುವ ಯಂತ್ರದ ಪಕ್ಕದಲ್ಲಿ ಯೌವನ ಕಳೆದವರಲ್ಲಿ ಇದು ಅಪರೂಪವೇನಲ್ಲ. ಕಲ್ಲು ಕೊಯ್ದು ಮಾರುವ ಅಂಗಳದಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ನನ್ನ ಕಿವುಡು ಯಾರ ಗಮನಕ್ಕೂ ಬರಲಿಲ್ಲ. ಬರದಂತೆ ನಾನೂ ನೋಡಿಕೊಂಡೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡವನು. ಉಳಿದ ಓದನ್ನು ಲಾರಿ ತುಂಬುವವರೆಗಿನ ಬಿಡುವಿನಲ್ಲಿ, ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ನಾನೇ ಮಾಡಿಕೊಂಡೆ. ಹಾಗೆ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಅಚ್ಚಾದ ಯಾವ ಮಾತನ್ನು ಕಂಡರೂ ‘ಇದನ್ನು ಕಣ್ಣಾರೆ ಕಂಡವರು ಯಾರು?’ ಎಂದು ಕೇಳುವ ಚಟ. ಇತಿಹಾಸದ ಪುಸ್ತಕಗಳೊಂದಿಗೆ, ಊರಿನ ಐತಿಹ್ಯಗಳೊಂದಿಗೆ ಜೀವನವಿಡೀ ಹೀಗೆ ಜಗಳವಾಡಿದ್ದೇನೆ. ನನ್ನ ಕಥೆಯೊಂದಿಗೇ ಜಗಳವಾಡುವ ದಿನ ಬರುತ್ತದೆಂದು ಎಣಿಸಿರಲಿಲ್ಲ. ಅದಕ್ಕೆ ಬೇಕಾದ ಕಸುವೂ ಈಗ ಉಳಿದಿಲ್ಲ. ಸುಮ್ಮನೆ ಸಹಿ ಮಾಡಿಬಿಡೋಣವೆಂದು ಎರಡು ದಿನ ಕರಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ಸಹಿ ಮಾಡಲಾಗದಂತೆ ಮಾಡಿದ್ದು ಒಂದು ಅರ್ಜಿ. ನನ್ನ ಹಳೆಯ ಅಂಗಳವನ್ನು ನಾನು ಸಮಿತಿಗೆ ಬಿಟ್ಟುಕೊಟ್ಟಿದ್ದೆ. ಅಲ್ಲಿ ಅವರು ಕಲ್ಲುಕೆಲಸ ಕಲಿಸುವ ಶಾಲೆಯೊಂದನ್ನು ತೆರೆಯಲಿದ್ದರು. ಕೊಯ್ಯುವುದಕ್ಕೆ, ಪಾಲಿಶ್ ಮಾಡುವುದಕ್ಕೆ ಕಲಿಸುವವರು ಸಿಕ್ಕಿದ್ದರು. ಬಡಿದು ಪರೀಕ್ಷಿಸುವುದನ್ನು ಕಲಿಸಲು ಒಬ್ಬರು ಬೇಕಾಗಿತ್ತು. ಆ ಕೆಲಸಕ್ಕೆ ಅರ್ಜಿ ಹಾಕಿದವರು ದಂಡೋತಿಯ ಒಬ್ಬ ಹೆಣ್ಣುಮಗಳು. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಅಂಗಳದಲ್ಲಿ ದುಡಿದವರು, ಈಗ ಅರವತ್ತು ದಾಟಿದವರು. ಅರ್ಜಿಯಲ್ಲಿ ಅವರು ಒಂದೇ ಮಾತು ಬರೆಸಿದ್ದರು: ಆ ಅಂಗಳದ ಕಲ್ಲುಗಳ ದನಿ ಕೇಳಿ ಆರಿಸುತ್ತಿದ್ದವಳು ನಾನು. ಸಮಿತಿ ಅರ್ಜಿಯನ್ನು ಹಿಂದಿರುಗಿಸಿತು.

ಯಾಕೆಂದು ಕೇಳಲು ನಾನು ಕಾರ್ಯದರ್ಶಿಗಳ ಮನೆಗೆ ಹೋದೆ.

“ಕುಂದ್ರಿ ಸಾವ್ಕಾರ್ರ. ಆಕಿ ನಿಮ್ಮ ಪಾಲಿಶ್ ಮಷಿನ್ನಿಗೆ ನೀರು ಹಾಕ್ತಿದ್ಲು. ನಿಮ್ಮ ಹಾಜರಿ ಪುಸ್ತಕದಾಗೇ ಅದ, ನಿಮ್ಮದೇ ಕೈಬರಹ. ಈಗ ಬಂದು ದನಿ ಕೇಳಾಕಿ ನಾನೇ ಅಂತಾಳ. ಬದುಕಿದ್ದವರ ವಿದ್ಯಾ ಕದ್ದಂಗಾಯ್ತಲ್ರಿ ಇದು!”

ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ‘ನೀರು ಹಾಕುವ ಕೆಲಸ’ ಎಂದು ಬರೆದವನು ನಾನು, ನಿಜ. ಅದೇ ಬರಹ ಈಗ ಆಕೆಯನ್ನು ಊರಿನ ಮುಂದೆ ಸುಳ್ಳಿಯನ್ನಾಗಿಸಿ ನಿಲ್ಲಿಸಿತ್ತು.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮ ಸೀಮೆಯ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿರುತ್ತದೆ. ಸಬ್ಬಲ್ ಹಾಕಿ ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. ಈ ಸಲೀಸುತನವೇ ಅದರ ಮೋಸ. ಎಷ್ಟೋ ಹಲಗೆಗಳಲ್ಲಿ ಮೇಲ್ಪದರಿಗೂ ಕೆಳಪದರಿಗೂ ನಡುವೆ ಒಳಗೇ ಸಡಿಲವಿರುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಪಾಲಿಶ್ ಹಿಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ನೆಲಕ್ಕೆ ಹಾಸಿ ಒಂದು ಬೇಸಿಗೆ ಕಳೆದ ಮೇಲೆ ಮೈ ಬಿಡುತ್ತದೆ.

ಖಣಿಯ ಕೂಲಿ ಬಿಟ್ಟು ಸ್ವಂತಕ್ಕೆ ಒಂದು ಅಂಗಳದ ಮೂಲೆ ಹಿಡಿದಾಗ ನನಗೆ ಇದನ್ನು ಕಂಡುಹಿಡಿಯುವ ದಾರಿ ಗೊತ್ತಿರಲಿಲ್ಲ. ಬಡಿದು ನೋಡುತ್ತಾರೆಂದು ಕೇಳಿದ್ದೆ, ಬಡಿದೂ ನೋಡುತ್ತಿದ್ದೆ. ಎಲ್ಲ ಕಲ್ಲೂ ನನಗೆ ಒಂದೇ ತರಹ ಕೇಳುತ್ತಿತ್ತು. ವಾಡಿ ಪಟ್ಟಣಕ್ಕೆ ಕಳಿಸಿದ ಮಾಲು ಹಿಂದೆ ಬಂತು. ಸೇಡಮ್ಮಿನ ಗಿರಾಕಿಯೊಬ್ಬರು ಮುಖ ನೋಡುವುದನ್ನು ಬಿಟ್ಟರು. ಎರಡು ಸಲ ಅಂಗಳ ಮುಚ್ಚಿದೆ, ಮೂರನೆಯ ಸಲ ತೆರೆದೆ. ಪುಸ್ತಿಕೆಯಲ್ಲಿ ಇದಕ್ಕೆ ‘ಛಲ’ ಎಂಬ ಶೀರ್ಷಿಕೆಯಿದೆ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕುಳಿತರೆ ಜನ ಮಾತಾಡಿಸಲು ಬರುತ್ತಿದ್ದರು, ಅದು ಇನ್ನೂ ಕಷ್ಟವಾಗಿತ್ತು.

ಮೂರನೆಯ ಸಲ ತೆರೆದ ವರ್ಷ ಚಿಂಚೋಳಿಯ ಗಿರಾಕಿಯೊಬ್ಬರು ಬಸ್ಸಿನಲ್ಲಿ ಒಂದು ಗೋಣಿಚೀಲ ಹೊತ್ತು ತಂದು ನನ್ನ ಮುಂದೆ ಸುರಿದರು. ತಮ್ಮ ಮನೆಯ ನೆಲದಿಂದ ಎದ್ದ ಕಲ್ಲಿನ ಚಕ್ಕೆಗಳವು.

“ಏನ್ರಿ ಸಾವ್ಕಾರ, ಇದು ಫರಸಿ ಏನು ಹಪ್ಪಳ? ನೆಲಕ್ಕ ಹಾಸಬೇಕೋ, ಎಣ್ಯಾಗ ಕರೀಬೇಕೋ? ಅದನ್ನರ ಹೇಳಿ ಕೊಡಬೇಕಿಲ್ರಿ!”

ಕೂಲಿಯವರೆಲ್ಲ ನಕ್ಕರು. ಆತ ಹೋದ ಮೇಲೆ ಚಕ್ಕೆಗಳನ್ನು ಬಳಿದು ಎತ್ತಲು ಬಂದವರು ದಂಡೋತಿಯ ಈ ಹೆಣ್ಣುಮಗಳು. ಕಲ್ಲು ಒಡೆಯುವ ಗಂಡನ ಜೊತೆ ಕಾಗಿಣಾ ದಂಡೆಯಿಂದ ಬಂದು ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅಂಗಳದಲ್ಲಿ ಕೂಲಿಯವರನ್ನು ಊರಿನ ಹೆಸರಿನಿಂದಲೇ ಕರೆಯುವ ವಾಡಿಕೆ. ಆಕೆಯನ್ನು ಎಲ್ಲರೂ ‘ದಂಡೋತಿಯಾಕಿ’ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

“ಇವು ಮೂಗ ಕಲ್ಲರಿ,” ಎಂದರು ಆಕೆ, ಬುಟ್ಟಿ ತುಂಬುತ್ತಲೇ. “ಲಾರಿ ತುಂಬೋ ದಿನಾನೇ ಹೇಳಬೇಕಂತ ಮಾಡಿದ್ದೆ.”

“ನಿನಗ್ಹ್ಯಾಂಗ ಗೊತ್ತು?”

“ಹೊಡದ್ರ ಒಳಗ ಖಾಲಿ ಕೇಳ್ತದ. ನಿಮಗ ಕೇಳಂಗಿಲ್ಲೇನ್ರಿ?”

ನಾನು ಚಕ್ಕೆಯೊಂದನ್ನು ಎತ್ತಿ ತಿರುಗಿಸಿ ನೋಡತೊಡಗಿದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ ಬುಟ್ಟಿ ಹೊತ್ತು ಹೋದರು. ನನ್ನ ಕಿವಿಯ ಸಂಗತಿ ಆ ದಿನದಿಂದ ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು.

ಆಕೆಯ ರೀತಿ ಹೀಗಿತ್ತು. ಕಲ್ಲನ್ನು ಮಲಗಿಸಿ ಬಡಿಯುತ್ತಿರಲಿಲ್ಲ. ಮಡಿಸಿದ ಗೋಣಿಯ ಮೇಲೆ ಅದನ್ನು ಅಂಚಿನಲ್ಲಿ ನಿಲ್ಲಿಸಿ, ಮೇಲಿನ ಮೂಲೆಯನ್ನು ಎರಡೇ ಬೆರಳಿನಲ್ಲಿ ಹಿಡಿದು, ಹುಣಸೆ ಕಟ್ಟಿಗೆಯ ತುಂಡಿನಿಂದ ನಡುವಿಗೊಮ್ಮೆ, ನಾಲ್ಕು ಮೂಲೆಗೂ ಒಮ್ಮೊಮ್ಮೆ ತಟ್ಟುತ್ತಿದ್ದರು. ಗಟ್ಟಿ ಕಲ್ಲು ಕಂಚಿನ ತಾಟಿನ ಹಾಗೆ ದನಿ ಕೊಡುತ್ತದಂತೆ. ‘ಅಂತೆ’ ಎಂದೇ ಬರೆಯಬೇಕು. ಆ ದನಿಯನ್ನು ನಾನು ಈವರೆಗೆ ಕೇಳಿಲ್ಲ.

ಆಕೆ ಆರಿಸಲು ತೊಡಗಿದ ಮೇಲೆ ಒಂದು ಲಾರಿಯೂ ಹಿಂದೆ ಬರಲಿಲ್ಲ. ಗಿರಾಕಿಗಳು ಬಂದರು, ಬಂದವರಿಗೆ ತಮ್ಮ ಕಣ್ಣೆದುರಿಗೇ ಕಲ್ಲು ಪರೀಕ್ಷೆಯಾಗಬೇಕಿತ್ತು. ಆಗ ನಾವೊಂದು ಏರ್ಪಾಡು ಮಾಡಿಕೊಂಡೆವು. ಆಕೆ ಹಿಂದಿನ ದಿನವೇ ಎಲ್ಲ ಕಲ್ಲು ತಟ್ಟಿ ನೋಡಿರುತ್ತಿದ್ದರು. ಗಿರಾಕಿಯ ಮುಂದೆ ತಟ್ಟುವವನು ನಾನು. ತಟ್ಟಿ, ಯೋಚಿಸುವವನಂತೆ ತಲೆ ಎತ್ತಿ ಪಾಲಿಶ್ ಯಂತ್ರದ ಕಡೆ ನೋಡುತ್ತಿದ್ದೆ. ಆಕೆ ಸೆರಗನ್ನು ತಲೆಗೆ ಎಳೆದುಕೊಂಡರೆ ಕಲ್ಲು ಗಟ್ಟಿ. ತಂಬಿಗೆಯ ನೀರನ್ನು ಯಂತ್ರಕ್ಕೆ ಬದಲು ನೆಲಕ್ಕೆ ಚೆಲ್ಲಿದರೆ ಮೂಗ. ಸೋಲಾಪುರದ ಗುತ್ತಿಗೆದಾರರೊಬ್ಬರು ಇಡೀ ಒಂದು ಬೆಳಗ್ಗೆ ಇದನ್ನು ನೋಡಿ ಕೈಮುಗಿದರು.

“ಅರೇ ಶೇಠ್, ಏನ್ ಕಿವಿ ರೀ ನಿಮ್ದು! ಡಾಕ್ಟರ್‌ಗೆ ಮಷಿನ್ ಬೇಕು, ನಿಮಗೆ ಬೇಡ!”

ಯಂತ್ರದ ಹತ್ತಿರ ನಿಂತಿದ್ದ ಆಕೆ ನಗು ತಡೆಯಲಾರದೆ ಮುಖ ತಿರುಗಿಸಿದ್ದು ನನಗೆ ನೆನಪಿದೆ. ಪುಸ್ತಿಕೆಯ ‘ಅಪೂರ್ವ ವರ’ ಹುಟ್ಟಿದ್ದು ಆ ಬೆಳಗ್ಗೆ.

ನಿಜವನ್ನು ಅಂದೇ ಏಕೆ ಹೇಳಲಿಲ್ಲ? ಕೂಲಿಯಾಕೆ ಆರಿಸಿದ ಮಾಲೆಂದರೆ ಯಾರೂ ಕೊಳ್ಳುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಆಕೆಯ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ನನ್ನ ಹಣೆಯ ಮೇಲೆ ವಿಭೂತಿಯಿತ್ತು. ಗಿರಾಕಿಗಳು ಒಪ್ಪುತ್ತಿರಲಿಲ್ಲವೆಂದೂ ಹೇಳಿಕೊಂಡೆ. ಆದರೆ ಒಬ್ಬ ಗಿರಾಕಿಯನ್ನಾದರೂ ಕೇಳಿ ನೋಡಿರಲಿಲ್ಲ. ಹೊಗಳಿಕೆ ಹಿತವಾಗಿತ್ತು. ಗಂಡ ತೀರಿಕೊಂಡ ಮೇಲೂ ಆಕೆ ಅಂಗಳ ಬಿಡಲಿಲ್ಲ, ಈ ಬಗ್ಗೆ ಒಮ್ಮೆಯೂ ಬಾಯಿ ಬಿಡಲಿಲ್ಲ. ಅಂಗಳ ಬೆಳೆಯಿತು, ನನ್ನ ಹೆಸರೂ ಬೆಳೆಯಿತು.

ಅರ್ಜಿ ತಿರಸ್ಕಾರವಾದ ವಾರ ನಾನು ಸಮಿತಿಯ ಸಭೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅಧ್ಯಕ್ಷರು ನನಗಿಂತ ಚಿಕ್ಕವರು, ದೊಡ್ಡ ಪಾಲಿಶ್ ಕಾರ್ಖಾನೆಯ ಮಾಲಕರು. ಅವರ ಕಣ್ಣಲ್ಲಿ ನೀರಾಡಿತು.

“ನೋಡ್ರಿ, ಇದಕ್ಕಂತಾರ ದೊಡ್ಡ ಮನಸ್ಸಂತ. ಒಬ್ಬ ಕೂಲಿಯಾಕಿ ಸಲುವಾಗಿ ತಮ್ಮ ಹೆಸರನ್ನೇ ತಗದು ಇಟ್ಟುಬಿಟ್ರು!”

ಚಪ್ಪಾಳೆಯಾಯಿತು. ಮರುದಿನ ಬಂದ ಹೊಸ ಕರಡಿನಲ್ಲಿ ಒಂದು ಸಾಲು ಹೆಚ್ಚಾಗಿತ್ತು: ‘ತಮ್ಮ ಶ್ರೇಯವನ್ನು ಶ್ರಮಿಕರಿಗೂ ಹಂಚುವ ವಿನಯಶೀಲರು.’ ನಾನು ಅಲ್ಲಗಳೆದಷ್ಟೂ ಕಥೆ ದಪ್ಪವಾಗುತ್ತಿತ್ತು.

ಸೋತು ಆಕೆಯ ಮನೆಗೆ ಹೋದೆ. ತಿಂಗಳು ತಿಂಗಳು ನಾನೇ ಗೌರವಧನ ಕೊಡುತ್ತೇನೆ, ನನ್ನ ಕಡೆಯಿಂದಲೇ ಬಂದು ಕಲಿಸಿ ಎಂದೆ. ಆಕೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಬ್ಯಾಡ್ರಿ. ಅದೂ ನಿಮ್ಮ ಪುಸ್ತಕದಾಗ ಹತ್ತತದ, ಸಾವ್ಕಾರ್ರು ಮುದುಕಿಗಿ ಕೆಲಸ ಕೊಟ್ರು ಅಂತ. ನಂಗೇನು ಹೊಟ್ಟಿಗಿ ಕಡಿಮಿ ಇಲ್ಲ. ನಾ ಮಾಡೀದ ಕೆಲಸ ನಾ ಮಾಡೀನಂತ ಆಗಬೇಕು. ನನಗ ಸುಳ್ಳಿ ಅಂದಾರ್ರಿ, ಸುಳ್ಳಿ!”

“ನಾ ಹೇಳಿದ್ರ ಯಾರೂ ನಂಬವಲ್ಲರು.”

“ಹ್ಯಾಂಗ ನಂಬ್ತಾರ? ಇಷ್ಟು ವರ್ಷ ನೀವೇ ನಂಬಸೀರಿ.”

ಕಡೆಗೆ ನಾನು ಸಮಿತಿಯವರನ್ನೂ ಆಕೆಯನ್ನೂ ಒಂದು ಪರೀಕ್ಷೆಗೆ ಒಪ್ಪಿಸಿದೆ. ಅಧ್ಯಕ್ಷರ ಅಂಗಳದಲ್ಲಿ ಆರು ಕಲ್ಲು ನಿಲ್ಲಿಸಿದರು. ಎರಡು ಮೂಗವೆಂದು ಮೊದಲೇ ಹೇಳಿದ್ದರು, ಯಾವೆರಡೆಂದು ಅವರ ಮೇಸ್ತ್ರಿಗೆ ಮಾತ್ರ ಗೊತ್ತಿತ್ತು. ನಾನು ಆರನ್ನೂ ತಟ್ಟಿ, ಆರೂ ಗಟ್ಟಿ ಎಂದೆ. ನನಗೆ ಕೇಳಿದ್ದು ಅಷ್ಟೇ. ಸಮಿತಿಯವರು ಬಿದ್ದು ಬಿದ್ದು ನಕ್ಕರು.

“ಬೇಕಂತಲೇ ಸೋಲಾಕತ್ತಾರ ನೋಡ್ರಿ, ಆಕಿಗಿ ಗೆಲ್ಲಸಲಿಕ್ಕ!”

ಆಕೆ ತಟ್ಟಿ ಎರಡನ್ನೂ ಸರಿಯಾಗಿ ಬೇರೆ ಮಾಡಿದರು. ಅಧ್ಯಕ್ಷರು ನನ್ನ ಬೆನ್ನು ಸವರಿ, “ಭಾಳ ಬರೋಬರಿ ಕಲಿಸೀರಿ ಸಾವ್ಕಾರ್ರ!” ಎಂದರು.

ಆಗ ಆಕೆ ಕೈಯಲ್ಲಿದ್ದ ಕಟ್ಟಿಗೆಯನ್ನು ನೆಲಕ್ಕೆ ಒಗೆದರು.

“ಇವರು ಕಲಿಸ್ಯಾರಂತ, ಇವರು! ಇವರ ಕಿವಿ ನೋಡಬೇಕಿದ್ರ ಇಲ್ಲಿ ಯಾಕ? ದಂಡೋತಿಗಿ ನಡೀರಿ. ನಮ್ಮೂರ ಓದೋ ಖೋಲಿ ನೆಲ ನೋಡ್ರಿ. ನಾ ಆರಿಸಿದ ಕಲ್ಲೂ ಅವ, ಇವರು ಆರಿಸಿದ ಕಲ್ಲೂ ಅವ. ಸಾವ್ಕಾರ್ರ, ಹೇಳ್ರಿ ನೀವೇ, ಖರೇ ಹೌದೋ ಅಲ್ಲೋ?”

ಹೌದೆಂದೆ. ಆ ನೆಲವನ್ನು ನಾನು ಮರೆತಿರಲಿಲ್ಲ. ಅದರ ಮಾತು ಬಂದಾಗಲೆಲ್ಲ ಬೇರೆ ಮಾತು ತೆಗೆಯುತ್ತಿದ್ದೆ.

ಕೈಯಲ್ಲಿ ನಾಲ್ಕು ಕಾಸು ಉಳಿದ ಮೊದಲ ವರ್ಷ ನಾನು ಊರುಗಳಿಗೆ ಏನಾದರೂ ಕೊಡಬೇಕೆಂದುಕೊಂಡೆ. ಬೆಂಚಿನ ಮೇಲೆ ಓದಿದವನಾದ್ದರಿಂದ ಓದುವ ಕೋಣೆಯೇ ಹೊಳೆಯಿತು. ದಂಡೋತಿಯಲ್ಲಿ ಗೋಡೆ ಎದ್ದು, ನೆಲಕ್ಕೆ ಕಲ್ಲಿಲ್ಲದೆ ನಿಂತ ಒಂದು ಕೋಣೆಯಿತ್ತು. ತಮ್ಮೂರಿನ ಕೆಲಸವೆಂದು ಆಕೆ ಅದಕ್ಕೆ ಒಂದೊಂದೇ ಕಲ್ಲು ತಟ್ಟಿ ಆರಿಸಿದರು. ಕೊನೆಯ ಎರಡು ಸಾಲಿಗೆ ಕಲ್ಲು ಸಾಲದಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಅಂಗಳದ ಕಲ್ಲುಗಳೆಲ್ಲ ನೆನೆದು ಕುಳಿತವು.

“ಹಸಿ ಕಲ್ಲು ಸುಳ್ಳ ಹೇಳ್ತಾವ್ರಿ,” ಎಂದಿದ್ದರು ಆಕೆ. “ಸಂದ್ಯಾಗ ನೀರು ನಿಂತು ಗಟ್ಟಿ ಕಲ್ಲಿನಂಗ ಮಾತಾಡ್ತಾವ. ಎಂಟು ದಿನ ನೆರಳಾಗ ಒಣಗಲಿ, ಆಮ್ಯಾಲ ನೋಡ್ತೀನಿ.”

ಎಂಟು ದಿನ ಕಾಯುವ ಸಹನೆ ನನಗಿರಲಿಲ್ಲ. ಅಂದು ದಂಡೋತಿಯ ಹಿರಿಯರು ಕಲ್ಲು ನೋಡಲು ಬಂದಿದ್ದರು. ನನ್ನ ಕಿವಿಯ ಖ್ಯಾತಿ ಅವರಿಗೂ ಮುಟ್ಟಿತ್ತು, ಕಣ್ಣಾರೆ ನೋಡಬೇಕೆಂದರು. ಅವರ ಮುಂದೆ ನಾನು ನೆಂದ ಕಲ್ಲುಗಳನ್ನು ತಟ್ಟುತ್ತ ಹೋದೆ, ಪ್ರತಿ ಸಲ ಯಂತ್ರದ ಕಡೆ ನೋಡಿದೆ. ಆಕೆ ನನಗೆ ಬೆನ್ನು ತಿರುಗಿಸಿ ನಿಂತಿದ್ದರು. ಸೆರಗೂ ಇಲ್ಲ, ನೀರೂ ಇಲ್ಲ. ಸನ್ನೆಯಿಲ್ಲದೆಯೇ ನಾನು ಎಲ್ಲವನ್ನೂ ಗಟ್ಟಿ ಎಂದುಬಿಟ್ಟೆ. ಅಷ್ಟು ದಿನ ಹೊಗಳಿಸಿಕೊಂಡು ಆ ಕಿವಿ ನನಗಿದೆಯೆಂದು ನಾನೇ ಅರ್ಧ ನಂಬಿದ್ದೆನೆಂದು ಕಾಣುತ್ತದೆ.

ಮುಂದಿನ ಭಾನುವಾರ ಬೆಳಗ್ಗೆ ಅಧ್ಯಕ್ಷರ ಜೀಪಿನಲ್ಲಿ ಅವರು, ಕಾರ್ಯದರ್ಶಿಗಳು, ಆಕೆ, ನಾನು, ನಾಲ್ವರೂ ದಂಡೋತಿಗೆ ಹೋದೆವು. ಚಿತ್ತಾಪುರ ದಾಟಿದ ಮೇಲೆ ಅಧ್ಯಕ್ಷರು ಒಮ್ಮೆ, “ನೆಲದಾಗ ಏನ್ ನೋಡೋದದ ಅಂತೀನಿ,” ಎಂದರು. ಆಕೆ ಕಿಟಕಿಯಾಚೆ ನೋಡುತ್ತ, “ಕಣ್ಣು ಅವಲ್ಲ, ನೋಡ್ರಿ,” ಎಂದರು.

ಬೀಗ ತೆಗೆಸಿ ಕೋಣೆಯೊಳಗೆ ಹೋದೆವು. ಗೋಡೆಯಿಂದ ನಡುವಿನವರೆಗೆ, ನಡುವಿನಿಂದ ಮುಂದಕ್ಕೆ, ಕಲ್ಲುಗಳು ಓದುವವರ ಕಾಲು ತಾಗಿ ತಾಗಿ ನುಣುಪಾಗಿದ್ದವು. ಒಂದರ ಮೈಯೂ ಬಿಟ್ಟಿರಲಿಲ್ಲ. ಕಿಟಕಿಯ ಕೆಳಗಿನ ಎರಡು ಸಾಲು ಮಾತ್ರ ಕುಳಿ ಕುಳಿ ಬಿದ್ದು, ಚಕ್ಕೆ ಎದ್ದಿದ್ದವು; ಅಲ್ಲಲ್ಲಿ ಯಾರೋ ತೇಪೆ ಹಾಕಿ ಬಿಟ್ಟಿದ್ದರು. ಅಲ್ಲಿ ಬೆಂಚು ಇಟ್ಟರೆ ಅಲುಗುತ್ತದೆಂದು ಬೆಂಚುಗಳನ್ನು ಆಚೆ ಸರಿಸಿದ್ದರು.

ಕಾರ್ಯದರ್ಶಿಗಳು ಸುಮ್ಮನೆ ಒಪ್ಪುವವರಲ್ಲ. ಮೊಣಕಾಲೂರಿ ಕುಳಿತು, “ಈ ಎರಡು ಸಾಲೇ ಸಾವ್ಕಾರ್ರು ಆರಿಸಿದ್ದಂತ ಹ್ಯಾಂಗ ಹೇಳ್ತಿ, ಯವ್ವಾ?” ಎಂದು ಕೇಳಿದರು.

“ಸಂದು ನೋಡ್ರಿ. ನನ್ನವಕ್ಕ ಸುಣ್ಣದ ಗಚ್ಚು ಹಾಕ್ಯಾರ, ಬಿಸಲಾಗ ಹಾಸಿದ್ದು. ಇವಕ್ಕ ಸಿಮೆಂಟ್ ಅದ. ಮಳ್ಯಾಗ ಗಚ್ಚು ಹಿಡೀಲಿಲ್ಲ, ವಾಡಿ ಸಿಮೆಂಟ್ ತಂದ್ರು. ಎರಡೇ ಸಾಲಿಗಿ ಯಾಕ ಸಿಮೆಂಟ್ ಬಂತು, ನೀವೇ ಹೇಳ್ರಿ ಮಾಸ್ತರ್ರ.”

ಅವರು ಕನ್ನಡಕ ಒರೆಸಿಕೊಂಡು ಸಂದುಗಳ ಮೇಲೆ ಬೆರಳಾಡಿಸಿದರು. ಎದ್ದಾಗ ಆಕೆಗೆ ಕೈಮುಗಿದರು. ನನ್ನ ಕಡೆ ನೋಡಲಿಲ್ಲ. ಆ ದಿನ ಅದೇ ಸರಿಯಾಗಿತ್ತು.

ಮಂಗಳವಾರ ಆಕೆಗೆ ನೇಮಕದ ಪತ್ರ ಹೋಯಿತು. ಅದರಲ್ಲಿ ನನ್ನ ಹೆಸರಿಲ್ಲ. ‘ಕಲ್ಲು ಪರೀಕ್ಷೆಯಲ್ಲಿ ದೀರ್ಘಕಾಲದ ಸ್ವಂತ ಅನುಭವವುಳ್ಳವರು’ ಎಂದಿದೆ. ಓದಿ ಹೇಳಿದವರನ್ನು ಆಕೆ, “ಎಷ್ಟು ಗಂಟೆಗಿ ಬರ್ಬೇಕಂತ ಬರದಾರ?” ಎಂದಷ್ಟೇ ಕೇಳಿದರಂತೆ. ಪುಸ್ತಿಕೆಯ ಮೊದಲ ಪುಟಕ್ಕೆ ಕಾರ್ಯದರ್ಶಿಗಳು ಉದ್ದಕ್ಕೆ ಗೀಟು ಹಾಕಿ ನನಗೆ ಕಳಿಸಿದರು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಅವರಿಗೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ಸನ್ಮಾನ ನನಗೆ ಬೇಡವೆಂದಿದ್ದೇನೆ.

ಚಹದ ಅಂಗಡಿಗಳಲ್ಲಿ ಜನ ನನ್ನ ಬಗ್ಗೆ ಹೇಳುವ ಕಥೆ ಇಷ್ಟರಿಂದಲೇ ಸಾಯುವುದಿಲ್ಲ. ಈಗ ಇನ್ನೊಂದು ಹುಟ್ಟಿದೆ: ಆಕೆಗೆ ಕೆಲಸ ಸಿಗಲೆಂದು ಸಾವ್ಕಾರ್ರು ತಾವೇ ಆ ಎರಡು ಸಾಲು ಕೀಳಿಸಿ ಕೆಟ್ಟ ಕಲ್ಲು ಹಾಕಿಸಿದರಂತೆ. ನನ್ನೆದುರೇ ಹೇಳಿ ನಮಸ್ಕಾರ ಮಾಡಿದವರಿದ್ದಾರೆ. ವಾದಿಸುವ ಶಕ್ತಿ ನನ್ನಲ್ಲಿಲ್ಲ. ನನ್ನ ಮಾತನ್ನು ನಂಬಿರೆಂದು ಕೇಳುವ ಹಕ್ಕನ್ನು ನಾನು ಎಂದೋ ಕಳೆದುಕೊಂಡಿದ್ದೇನೆ.

ಅನುಮಾನವಿದ್ದವರು ದಂಡೋತಿಗೆ ಹೋಗಿ ನೋಡಲಿ. ಓದುವ ಕೋಣೆಯ ಕೀಲಿ ಪಕ್ಕದ ಹಿಟ್ಟಿನ ಗಿರಣಿಯಲ್ಲಿರುತ್ತದೆ, ಕೇಳಿದರೆ ಕೊಡುತ್ತಾರೆ. ಬಲಗಡೆಯ ಕಿಟಕಿಯ ಕೆಳಗೆ ಎರಡು ಸಾಲು. ಸಂದಿನ ಸಿಮೆಂಟು ನಿನ್ನೆ ಮೊನ್ನೆಯದಲ್ಲ, ಉಳಿದ ನೆಲದಷ್ಟೇ ಹಳೆಯದು, ಉಗುರಿನಿಂದ ಕೆರೆದು ನೋಡಬಹುದು.